ಗೊತ್ತಿರುವ ಕತೆಗೆ ಬಾಡಿಗೆ ಯಾಕೆ?

ಮೈಸೂರಿನ ಅಡ್ಡರಸ್ತೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಬಾಡಿಗೆ ಪುಸ್ತಕದ ಅಂಗಡಿ ನಡೆಸಿದೆ. ಈಗ ಅಂಗಡಿಯಿಲ್ಲ. ತೂಕಕ್ಕೆ ಹಾಕಲು ಮನಸ್ಸು ಬಾರದೆ ಪುಸ್ತಕಗಳನ್ನೆಲ್ಲ ಅಟ್ಟಕ್ಕೇರಿಸಿದ್ದೇನೆ. ಕೊಟ್ಟು ಇಸ್ಕೊಳ್ಳುತ್ತಲೇ ಕಲಿತದ್ದು ಇಷ್ಟು.

1. ಕೊನೆ ಗೊತ್ತಿದ್ದರೇ ಧೈರ್ಯ

ನಿವೃತ್ತ ಶಿಕ್ಷಕಿಯೊಬ್ಬರಿದ್ದರು, ಎಲ್ಲರಿಗೂ ಟೀಚರಮ್ಮ. ಶನಿವಾರ ಬಂದರೆ ಒಂದೇ ಬೇಡಿಕೆ: "ಜಗಳದಲ್ಲಿ ಶುರುವಾಗಿ ಮದುವೇಲಿ ಮುಗಿಯೋದು ಯಾವುದಿದೆಯಪ್ಪಾ?" ಸಾಯಿಸುತೆ, ಉಷಾ ನವರತ್ನರಾಂ, ಎಲ್ಲ ಮುಗಿಸಿದ್ದರು. ಜೇನ್ ಆಸ್ಟಿನ್ 1813ರಲ್ಲೇ ಎಲಿಜಬೆತ್-ಡಾರ್ಸಿಯರನ್ನು ಹೀಗೆ ಜಗಳಕ್ಕೆ ಬಿಟ್ಟಿದ್ದರು. ದಾರಿ ಅಷ್ಟು ಹಳೆಯದು. "ಕೊನೆ ಗೊತ್ತೇ ಇದೆಯಲ್ಲಮ್ಮ?" ಎಂದೆ ಒಮ್ಮೆ. "ಗೊತ್ತಿರೋದಕ್ಕೇ ನಡುವೆ ಧೈರ್ಯವಾಗಿ ಅಳಬಹುದು ಕಣಪ್ಪ" ಅಂದರು.

2. ಗಿರಾಕಿ ಕೇಳುವುದು ಪತ್ತೇದಾರನನ್ನು

ನಾಲ್ಕನೇ ತರಗತಿಯಷ್ಟೇ ಓದಿದ್ದ ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಹಳೆಯ ಗಿರಾಕಿಗಳು "ಪುರುಷೋತ್ತಮಂದು ಕೊಡಿ, ಅರಿಂಜಯಂದು ಕೊಡಿ" ಎನ್ನುತ್ತಿದ್ದರು, ನೆಂಟರ ವಿಚಾರ ಕೇಳುವ ಹಾಗೆ. ಅಂಥ ನೆಂಟನನ್ನು ಕೊಲ್ಲುವ ಹಕ್ಕು ಬರೆದವರಿಗೂ ಇಲ್ಲ. ಹೋಮ್ಸ್‌ನನ್ನು 1893ರಲ್ಲಿ ಜಲಪಾತದ ಪಾಲು ಮಾಡಿ ಕೈತೊಳೆದುಕೊಂಡ ಕಾನನ್ ಡಾಯ್ಲ್, 1903ರಲ್ಲಿ ಅವನನ್ನು ಬದುಕಿಸಿ ಕರೆತರಬೇಕಾಯಿತು.

3. ಪತ್ತೇದಾರಿಯಲ್ಲಿ ಮೋಸ ಕೂಡದು

ಒಳಗಿನಿಂದ ಚಿಲಕ ಹಾಕಿದ ಕೋಣೆ, ಒಳಗೊಂದು ಹೆಣ: ಎಡ್ಗರ್ ಅಲನ್ ಪೋ 1841ರಲ್ಲಿ ಒಡ್ಡಿದ ಒಗಟು ಇವತ್ತಿಗೂ ಓಡುತ್ತದೆ. ಅದು ಓದುಗನಿಗೂ ಬರೆದವನಿಗೂ ನಡೆಯುವ ಪಂದ್ಯ. ಕೊಲೆಗಾರ ಕತೆಯ ಆರಂಭದಲ್ಲೇ ಕಾಣಿಸಿಕೊಂಡಿರಬೇಕೆಂದು ರೊನಾಲ್ಡ್ ನಾಕ್ಸ್ 1929ರಲ್ಲಿ ನಿಯಮವನ್ನೇ ಬರೆದಿಟ್ಟರು.

ಯಾರೋ ಒಬ್ಬ ನಮ್ಮ ಪತ್ತೇದಾರಿ ಪುಸ್ತಕಗಳ ಹನ್ನೆರಡನೇ ಪುಟದಲ್ಲಿ ಪೆನ್ಸಿಲಿನಿಂದ ಕೊಲೆಗಾರನ ಹೆಸರು ಬರೆದಿಡುತ್ತಿದ್ದ. ಬೈಗುಳ ನನಗೆ. ರಬ್ಬರು ಹಿಡಿದು ಕೂತು ಅಳಿಸುತ್ತಿದ್ದೆ. ಒಂದರಲ್ಲಿ ಮಾತ್ರ "ಅಡುಗೆಯವನು" ಎಂದಿತ್ತು. ಓದಿ ನೋಡಿದರೆ ಕೊಲೆ ಮಾಡಿದ್ದು ವಕೀಲ! ಕೊನೆಗೆ ಬರುವ ಮೊದಲೇ ಊಹಿಸಿ ಬರೆಯುತ್ತಿದ್ದ ಆಸಾಮಿ. ಅದನ್ನು ಅಳಿಸಲಿಲ್ಲ. ಆ ಪುಸ್ತಕ ಕಪಾಟಿನಲ್ಲಿ ನಿಲ್ಲುತ್ತಲೇ ಇರಲಿಲ್ಲ.

4. ಹೆದರಿಕೆಗೂ ಬಾಗಿಲು ಬೇಕು

ಪಾಳುಬಂಗಲೆಯ ಕತೆ ಒಯ್ದ ಕಾಲೇಜು ಹುಡುಗಿ ಸಂಜೆಯೇ ವಾಪಸು ತಂದಳು, ರಾತ್ರಿ ಮನೆಯಲ್ಲಿಟ್ಟುಕೊಳ್ಳಲು ಭಯ. ಬೆಳಿಗ್ಗೆ ಉಳಿದರ್ಧ ಓದಲು ಮತ್ತೆ ಒಯ್ದಳು. ಮುಚ್ಚಿಡಬಹುದು ಎಂಬ ನಂಬಿಕೆಯಿದ್ದರೇ ದೆವ್ವ ಇಷ್ಟವಾಗುವುದು. ನನಗೆ ಎರಡು ಬಾಡಿಗೆ.

5. ದುಃಖ ತಪ್ಪಲ್ಲ, ಮಾತು ತಪ್ಪುವುದು ತಪ್ಪು

ತ್ರಿವೇಣಿಯವರ 'ಶರಪಂಜರ'ದ ಕಾವೇರಿಗೆ ಸುಖ ಸಿಗುವುದಿಲ್ಲ. ಆದರೂ ಯಾರೂ ಬಂದು ಜಗಳವಾಡಲಿಲ್ಲ. ಆ ಕತೆ ಎತ್ತ ಹೊರಟಿದೆಯೆಂದು ಓದುತ್ತ ಓದುತ್ತ ಎದೆಗೆ ತಿಳಿಯುತ್ತದೆ. ಇನ್ನೂರು ಪುಟ ನಗಿಸಿ, ಕೊನೇ ಪುಟದಲ್ಲಿ ಲಾರಿ ಹಾಯಿಸಿ ನಾಯಕನನ್ನು ಮುಗಿಸಿದ ಕಾದಂಬರಿಯೊಂದನ್ನು ಮಾತ್ರ ಟೀಚರಮ್ಮ ಮೇಜಿನ ಮೇಲೆ ಕುಕ್ಕಿ ಹೋಗಿದ್ದರು.

6. ಗುರುತು ಯಾತಕ್ಕೆ ಹಾಕುತ್ತಾರೆ

ಓದಿದ್ದೇ ಮತ್ತೆ ಕೈಗೆ ಬಾರದಿರಲೆಂದು ಗಿರಾಕಿಗಳು ತಮ್ಮದೇ ಪುಟವೊಂದರಲ್ಲಿ ಗುಟ್ಟಿನ ಗುರುತು ಮಾಡುತ್ತಾರೆ: ಸೊನ್ನೆ, ನಕ್ಷತ್ರ, ಹೆಸರಿನ ಮೊದಲಕ್ಷರ. ಟೀಚರಮ್ಮನದು ಇಪ್ಪತ್ತೈದನೇ ಪುಟ, ಮೂಲೆಯಲ್ಲಿ ಪುಟ್ಟ ತುಳಸಿ ಎಲೆ. ಮೊನ್ನೆ ಅಟ್ಟದಲ್ಲಿ ಧೂಳು ಹೊಡೆಯುವಾಗ ಅವರ ಮೆಚ್ಚಿನ ಕಾದಂಬರಿ ಸಿಕ್ಕಿತು. ಇಪ್ಪತ್ತೈದನೇ ಪುಟ ತೆರೆದೆ. ಒಂದರ ಪಕ್ಕ ಒಂದು, ಏಳು ಎಲೆ.