ಹಳೆಯ ಆರ್‌ಎಕ್ಸ್ ಕೊಳ್ಳುವ ಮುನ್ನ: ಮೊದಲು ಆರ್‌ಸಿ ಓದಿ, ಆಮೇಲೆ ಸದ್ದು ಕೇಳಿ

ಆರ್‌ಎಕ್ಸ್ 100 ಹಾದುಹೋದರೆ ಬಸವಕಲ್ಯಾಣದ ಹುಡುಗರು ಇಂದಿಗೂ ತಿರುಗಿ ನೋಡುತ್ತಾರೆ. 1985ರಲ್ಲಿ ಬಂದ ಈ 98 ಸಿಸಿ ಟೂ-ಸ್ಟ್ರೋಕ್ ಬೈಕಿನ ತಯಾರಿಕೆ 1996ಕ್ಕೆ ನಿಂತಿತು. ಮೈಸೂರಿನ ಕಾರ್ಖಾನೆಯಿಂದ ಬರುತ್ತಿದ್ದ ಯೆಜ್ಡಿಯದ್ದೂ ಅದೇ ಹೊತ್ತಿಗೆ ನಿಂತಿತು. ಆ ಹಳೆಯ ಟೂ-ಸ್ಟ್ರೋಕ್ ಬೇಕೆಂದರೆ ಸೆಕೆಂಡ್ ಹ್ಯಾಂಡ್ ಗಾಡಿಯನ್ನೇ ಹುಡುಕಬೇಕು.

ನಮ್ಮದು ಗಡಿಭಾಗ. ಹುಮನಾಬಾದ್ ಮೇಲೆ ಹಾಯುವ ಪುಣೆ–ಹೈದರಾಬಾದ್ ಹೆದ್ದಾರಿಯಲ್ಲಿ ಒಂದು ದಿಕ್ಕಿಗೆ ಉಮರ್ಗಾ, ಇನ್ನೊಂದು ದಿಕ್ಕಿಗೆ ಜಹೀರಾಬಾದ್. ಹೀಗಾಗಿ ಮೂರು ರಾಜ್ಯಗಳ ನಂಬರಿನ ಗಾಡಿಗಳು ಇಲ್ಲಿ ಕೈ ಬದಲಾಗುತ್ತವೆ. ಎಂಜಿನ್ ಕೆಟ್ಟರೆ ಬಿಚ್ಚಿ ಕಟ್ಟಿಸಬಹುದು, ಕಾಗದ ಕೆಟ್ಟಿದ್ದರೆ ಗಾಡಿ ಅಂಗಳದಲ್ಲೇ ಉಳಿಯುತ್ತದೆ. ಆದ್ದರಿಂದ ಈ ಕ್ರಮದಲ್ಲೇ ಹೋಗಿ.

ಹಂತ 1: ಆರ್‌ಸಿ ಓದಿ

ಫೋಟೊ ನೋಡಿ ಮುಂಗಡ ಕೊಡಬೇಡಿ. ಮೊದಲು ಆರ್‌ಸಿಯ ಪ್ರತಿ ತರಿಸಿಕೊಂಡು ಪರಿವಾಹನ್ ತಾಣದಲ್ಲಿ ನಂಬರು ಹಾಕಿ ನೋಡಿ. ಮಾಲೀಕರ ಹೆಸರು, ಸಾಲದ ನಮೂದು, ವಿಮೆ, ನೋಂದಣಿಯ ಅವಧಿ ಹೊಂದಬೇಕು. ಬಾಕಿ ಇ-ಚಲನ್ ಇವೆಯೇ ಎಂಬುದನ್ನೂ ಅಲ್ಲೇ ನೋಡಿಕೊಳ್ಳಿ.

ಬೈಕಿನ ಮೊದಲ ನೋಂದಣಿ 15 ವರ್ಷಕ್ಕೆ. ನಂತರ 5 ವರ್ಷಕ್ಕೊಮ್ಮೆ ನವೀಕರಣ. 1992ರಲ್ಲಿ ನೋಂದಣಿಯಾದ ಗಾಡಿ 2007, 2012, 2017, 2022ರಲ್ಲಿ ನವೀಕರಣ ಆಗಿರಬೇಕು, 2027ರಲ್ಲಿ ಮತ್ತೆ ಆಗಬೇಕು. ನಡುವೆ ನಿಂತಿದ್ದರೆ ತಡವಾದ ಶುಲ್ಕ, ತಪಾಸಣೆ ಎಲ್ಲ ನಿಮ್ಮ ತಲೆಗೆ ಬರುತ್ತದೆ. 'ಆರ್‌ಸಿ ಕಳೆದಿದೆ, ಆಮೇಲೆ ಮಾಡಿಸಿಕೊಡ್ತೀನಿ' ಅಂದರೆ ಡೂಪ್ಲಿಕೇಟ್ ಆರ್‌ಸಿ ಕೈಗೆ ಬಂದ ಮೇಲೆಯೇ ಮಾತು ಮುಂದುವರಿಸಿ.

ಹಂತ 2: ಅಚ್ಚು ತೆಗೆಯಿರಿ

ಚಾಸಿ ನಂಬರು ಹ್ಯಾಂಡಲ್ ಕೆಳಗಿನ ಕಬ್ಬಿಣದ ಕೊಳವೆಯ ಮೇಲೆ, ಎಂಜಿನ್ ನಂಬರು ಎಂಜಿನ್ ಕೇಸಿನ ಮೇಲೆ ಇರುತ್ತದೆ. ಬಟ್ಟೆಗೆ ಸ್ವಲ್ಪ ಪೆಟ್ರೋಲ್ ಹಾಕಿ ಜಿಡ್ಡು ಒರೆಸಿ. ತೆಳು ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿದರೆ ಅಂಕಿಗಳು ಮೂಡುತ್ತವೆ. ಒಂದೊಂದೇ ಅಂಕಿಯನ್ನು ಆರ್‌ಸಿಯ ಜೊತೆ ಹೋಲಿಸಿ. ಅಂಕಿಗಳ ಸಾಲು ಅಂಕುಡೊಂಕಾಗಿದ್ದರೆ, ಸುತ್ತ ಗ್ರೈಂಡರ್ ಉಜ್ಜಿದ ಗೀರು ಇದ್ದರೆ, ಆ ಜಾಗಕ್ಕೆ ಮಾತ್ರ ಹೊಸ ಬಣ್ಣ ಬಿದ್ದಿದ್ದರೆ ಬೆಲೆ ಎಷ್ಟೇ ಕಡಿಮೆ ಇದ್ದರೂ ಬೇಡವೇ ಬೇಡ. ಕಳವಿನ ಗಾಡಿ ಕೊಂಡವರೂ ಠಾಣೆ ಮೆಟ್ಟಿಲು ಹತ್ತಬೇಕಾಗುತ್ತದೆ.

ಹಂತ 3: ತಣ್ಣಗಿರುವಾಗ ಕಿಕ್ ಹೊಡೆಯಿರಿ

ಹೊರಡುವ ಮೊದಲೇ ಫೋನಿನಲ್ಲಿ ಹೇಳಿ: 'ಕಾಕಾ, ನಾ ಬರೋತನಕ ಗಾಡಿ ಚಾಲೂ ಮಾಡಬ್ಯಾಡ್ರಿ.' ಹೋದ ಕೂಡಲೇ ಸಿಲಿಂಡರಿನ ರೆಕ್ಕೆಗಳ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ನಿಮಗಿಂತ ಮೊದಲೇ ಯಾರೋ ಚಾಲೂ ಮಾಡಿದ್ದಾರೆ, ಆರುವ ತನಕ ಕಾಯಿರಿ.

ಕಿಕ್ಕರನ್ನು ಕೈಯಿಂದ ನಿಧಾನವಾಗಿ ಒತ್ತಿ ನೋಡಿ. ನಡುವೆ ಗಟ್ಟಿಯಾಗಿ ತಡೆಯಬೇಕು. ಸಲೀಸಾಗಿ ಕೆಳಗಿಳಿದರೆ ರಿಂಗು, ಪಿಸ್ಟನ್ ಸವೆದಿವೆ. ಎಷ್ಟು ಸಲ ಬೋರ್ ಮಾಡಿಸಿದ್ದಾರೆ ಎಂದು ಕೇಳಿ. ಪ್ರತಿ ಬೋರಿಗೂ ಸಿಲಿಂಡರ್ ತೆಳುವಾಗುತ್ತ ಹೋಗುತ್ತದೆ. ಕೊನೆಯ ಅಳತೆ ಮುಟ್ಟಿದ್ದರೆ ಮುಂದಿನ ಸಲ ಸಿಲಿಂಡರನ್ನೇ ಬದಲಿಸಬೇಕು.

ಚಾಲೂ ಆದಾಗ ಒಂದೆರಡು ನಿಮಿಷ ನೀಲಿ ಹೊಗೆ ಬರುವುದು ಟೂ-ಸ್ಟ್ರೋಕಿಗೆ ಸಹಜ. ನಾಲ್ಕೈದು ಕಿಲೋಮೀಟರ್ ಓಡಿದ ಮೇಲೂ ದಟ್ಟ ಹೊಗೆ ನಿಲ್ಲದೆ ಗೇರ್ ಆಯಿಲ್ ವಾಸನೆ ಬಂದರೆ ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ ಹೋಗಿದೆ. ಮ್ಯಾಗ್ನೆಟ್ ಕಡೆಯ ಸೀಲ್ ಹೋದರೆ ಗಾಳಿ ಒಳನುಗ್ಗಿ ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ತಾನಾಗಿ ಏರುತ್ತದೆ. ಅದೇ ಮುಂದೆ ಪಿಸ್ಟನ್ ಜಾಮ್ ಆಗಲು ಕಾರಣ.

ಆಯಿಲ್ ಪಂಪ್ ಮರೆಯಬೇಡಿ. ಆರ್‌ಎಕ್ಸ್‌ನಲ್ಲಿ ಟೂ-ಟಿ ಆಯಿಲಿಗೆ ಬೇರೆಯೇ ಟ್ಯಾಂಕ್ ಇದ್ದು, ಪಂಪ್ ಅದನ್ನು ಎಂಜಿನ್ನಿಗೆ ಒದಗಿಸುತ್ತದೆ. ಪಂಪ್ ಮುಚ್ಚಿಸಿ ಪೆಟ್ರೋಲಿಗೇ ಆಯಿಲ್ ಬೆರೆಸುವ ಗಾಡಿಗಳೂ ಇವೆ. ಇದು ಗೊತ್ತಿಲ್ಲದೆ ಬರೀ ಪೆಟ್ರೋಲ್ ಹಾಕಿ ಓಡಿಸಿದರೆ ಎಂಜಿನ್ ಉಳಿಯದು. ಮಾರುವವರು ಯಾವ ಪ್ರಮಾಣದಲ್ಲಿ ಬೆರೆಸುತ್ತಾರೆ ಎಂದು ಕೇಳಿಕೊಳ್ಳಿ. 1:40 ಎಂದರೆ ಲೀಟರಿಗೆ 25 ಮಿ.ಲೀ.

ಹಂತ 4: ಓಡಿಸಿ ನೋಡಿ

ಊರೊಳಗಿನ ಒಂದು ಸುತ್ತು ಸಾಲದು. ಬಸವಕಲ್ಯಾಣದಿಂದ ಸಸ್ತಾಪುರ ಬಂಗ್ಲಾದವರೆಗೆ ಹೋಗಿ ಬನ್ನಿ. ನಾಲ್ಕೂ ಗೇರಿನಲ್ಲಿ ಎಳೆಯಿರಿ, ಗೇರ್ ತಾನಾಗಿ ಜಾರಿ ನ್ಯೂಟ್ರಲ್ಲಿಗೆ ಬರಬಾರದು. ಗೆಳೆಯರೊಬ್ಬರು ಹಿಂದಿನ ಗಾಡಿಯಲ್ಲಿ ಬಂದು ಎರಡೂ ಚಕ್ರ ಒಂದೇ ಗೆರೆಯಲ್ಲಿ ಓಡುತ್ತಿವೆಯೇ ನೋಡಲಿ. ಇಲ್ಲದಿದ್ದರೆ ಚಾಸಿ ಬಾಗಿದೆ ಎಂಬ ಅನುಮಾನ ಇಟ್ಟುಕೊಳ್ಳಿ.

ಕಂಪನಿಯ ಸೈಲೆನ್ಸರ್ ಇರುವ ಗಾಡಿಯನ್ನೇ ಆರಿಸಿ. ಟೂ-ಸ್ಟ್ರೋಕಿನಲ್ಲಿ ಸೈಲೆನ್ಸರ್ ಎಂಜಿನ್ನಿನ ಒಂದು ಭಾಗವೇ ಸರಿ. ಅದರ ಹೊಟ್ಟೆಯ ಆಕಾರ ಒತ್ತಡದ ಅಲೆಯನ್ನು ಹಿಂದಕ್ಕೆ ತಳ್ಳಿ, ಉರಿಯದ ಪೆಟ್ರೋಲ್ ಹೊರಗೆ ಹೋಗದಂತೆ ತಡೆಯುತ್ತದೆ. ಅದನ್ನು ಕತ್ತರಿಸಿದರೆ ಸದ್ದು ಹೆಚ್ಚುತ್ತದೆ, ಎಳೆತ ಕುಗ್ಗುತ್ತದೆ, ದಂಡವೂ ಬೀಳುತ್ತದೆ.

ಹಂತ 5: ಹೆಸರು ಬದಲಿಸಿ

ಮಾರಾಟಕ್ಕೆ ಫಾರ್ಮ್ 29 ಮತ್ತು 30 ಬೇಕು. ಸಾಲದ ನಮೂದಿದ್ದರೆ ಬ್ಯಾಂಕಿನ ಪತ್ರದೊಂದಿಗೆ ಫಾರ್ಮ್ 35. ಒಂದೇ ರಾಜ್ಯದೊಳಗಾದರೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್ ಹೇಳುತ್ತದೆ. ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಲು 14 ದಿನದೊಳಗೆ ಅರ್ಜಿ ಕೊಡಬೇಕು.

ಮಹಾರಾಷ್ಟ್ರ ಅಥವಾ ತೆಲಂಗಾಣದ ಗಾಡಿಯಾದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ಬೇಕೇಬೇಕು. ಅದಕ್ಕೆ ಫಾರ್ಮ್ 28. ಇಲ್ಲಿ ತೆರಿಗೆ ಕಟ್ಟಿ ಹೊಸ ನಂಬರು ಪಡೆಯಬೇಕು. ಬಸವಕಲ್ಯಾಣಕ್ಕೆ ಕೆಎ-56. ಒಟ್ಟು ಖರ್ಚು ಎಷ್ಟಾಗುತ್ತದೆ ಎಂದು ಮೊದಲು ಇಲ್ಲಿನ ಆರ್‌ಟಿಒ ಕಚೇರಿಯಲ್ಲಿ ಕೇಳಿ, ಆಮೇಲೆ ಬೆಲೆ ಮಾತಾಡಿ.

ಹಣವನ್ನು ಬ್ಯಾಂಕ್ ಖಾತೆಗೇ ಹಾಕಿ. ಕರಾರು ಪತ್ರದಲ್ಲಿ ತಾರೀಖಿನ ಜೊತೆ ಗಾಡಿ ಕೈಗೆ ಬಂದ ಗಂಟೆಯನ್ನೂ ಬರೆಸಿ. ಆ ಗಂಟೆಗೆ ಮುಂಚಿನ ಅಪಘಾತ, ಚಲನ್ ನಿಮ್ಮದಲ್ಲ ಎನ್ನಲು ಅದೇ ದಾಖಲೆ.

ಗಾಡಿ ನೋಡಲು ಹೋಗುವಾಗ ಟೂ-ಸ್ಟ್ರೋಕ್ ಬಲ್ಲ ಮಿಸ್ತ್ರಿಯೊಬ್ಬರನ್ನು ಕರೆದುಕೊಂಡು ಹೋಗಿ, ಅವರ ಅರ್ಧ ದಿನದ ಕೂಲಿಯನ್ನು ಕೊಟ್ಟುಬಿಡಿ. ಆರ್‌ಸಿ ನಿಮ್ಮ ಹೆಸರಿಗೆ ಬರುವವರೆಗೆ ಒಂದು ಪಾಲು ಹಣವನ್ನು ಕರಾರಿನಲ್ಲಿ ಬರೆಸಿ ಉಳಿಸಿಕೊಳ್ಳಿ. ಇದಕ್ಕೆ ಒಪ್ಪದವರ ಗಾಡಿಯನ್ನು ಅಲ್ಲೇ ಬಿಟ್ಟು ಬನ್ನಿ.