ಗೋವಾ ಬಿಟ್ಟು ಊರಿಗೆ ಮರಳೋಣವೇ?
ಸಂಘದ ಸಭೆಯಲ್ಲಿ ಓದಿ ಚರ್ಚಿಸಲು ಒಂದು ಪಾಠ



ವಾಸ್ಕೋ, ಝುವಾರಿನಗರ, ಮಡಗಾಂವ ಕಡೆ ನಮ್ಮ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ ಜಿಲ್ಲೆಗಳ ಸಾವಿರಾರು ಕುಟುಂಬಗಳಿವೆ. ಮನೆಭೇಟಿಗೆ ಹೋದಾಗಲೆಲ್ಲ ನಾವು ಕೇಳುವ ಮಾತು ಒಂದೇ: "ಇಲ್ಲಿ ಎಷ್ಟು ದುಡದ್ರೂ ಕೈಯಾಗ ಉಳಿಯಂಗಿಲ್ರಿ ಸಿಸ್ಟರ್. ಊರಿಗೇ ಹೋಗಿಬಿಡೋಣ ಅನಸ್ತೈತಿ." ಊರಲ್ಲಿರುವವರು ಇದಕ್ಕೆ ತದ್ವಿರುದ್ಧ ಹೇಳುತ್ತಾರೆ: "ಇಲ್ಲೇನೈತ್ರಿ? ಗೋವಾದಾಗ ಇದ್ದವ್ರೇ ಪುಣ್ಯವಂತ್ರು." ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಎರಡೂ ಕಡೆಯವರಿಗೆ ಅನ್ವಯಿಸುತ್ತದೆ.

ಪಾಠದ ಉದ್ದೇಶ: ಮರಳಬೇಕೋ ಬೇಡವೋ ಎಂದು ನಾವು ಹೇಳುವುದಿಲ್ಲ. ತೂಗಿ ನೋಡುವುದು ಹೇಗೆ, ಆ ತಕ್ಕಡಿಯಲ್ಲಿ ಹೆಣ್ಣುಮಗಳ ಪಾಲನ್ನೂ ಇಡುವುದು ಹೇಗೆ ಎಂಬುದನ್ನು ಕಲಿಯೋಣ.

1. ಮರಳುವ ಯೋಚನೆ ಯಾಕೆ ಬರುತ್ತದೆ?

1961ರಲ್ಲಿ ಗೋವಾ ವಿಮೋಚನೆ ಆದ ಮೇಲೆ ಬಂದರು, ಗಣಿ, ಕಾರ್ಖಾನೆ, ಕಟ್ಟಡ ಕೆಲಸ ಬೆಳೆದವು. ಬರಗಾಲದ ನಮ್ಮ ಸೀಮೆಯಿಂದ ಜನ ಹೋದರು. ಆದರೆ ಅಲ್ಲಿಯ ನೆಲೆ ಗಟ್ಟಿಯಲ್ಲ ಎಂದು ಆಗಾಗ ಗೊತ್ತಾಯಿತು. 2004ರಲ್ಲಿ ಬೈನಾ ಕಡಲತೀರದ ಮನೆಗಳನ್ನು ಸರ್ಕಾರ ಕೆಡವಿದಾಗ ಅನೇಕ ಕನ್ನಡಿಗ ಕುಟುಂಬಗಳು ಬೀದಿಗೆ ಬಂದವು. 2012ರಲ್ಲಿ, ಮತ್ತೆ 2018ರಲ್ಲಿ ಗಣಿಗಾರಿಕೆ ನಿಂತಾಗ ಲಾರಿ, ಗಣಿ ನಂಬಿದವರ ಕೆಲಸ ಹೋಯಿತು. 2020ರ ಲಾಕ್‌ಡೌನಿನಲ್ಲಿ ಗಂಟುಮೂಟೆ ಕಟ್ಟಿ ಊರಿಗೆ ಬಂದವರೂ, ಊರಲ್ಲಿ ಕೆಲಸ ಸಿಗದೆ ಮತ್ತೆ ಹೋದವರೂ ಇದ್ದಾರೆ. ಆಗ ಕಷ್ಟವೇ ಓಡಿಸಿತ್ತು. ಈಗ ಕೂತು ಯೋಚಿಸಲು ಸಮಯವಿದೆ. ಅದನ್ನು ಬಳಸಿಕೊಳ್ಳೋಣ.

2. ಪಗಾರ ಅಲ್ಲ, ಉಳಿಕೆ ನೋಡಿ

ಒಂದು ಕುಟುಂಬ ಎಂದುಕೊಳ್ಳೋಣ. ಗಂಡ ಗೌಂಡಿ, ಹೆಂಡತಿ ಎರಡು ಮನೆಗಳಲ್ಲಿ ಕೆಲಸ ಮಾಡುತ್ತಾಳೆ, ಇಬ್ಬರು ಮಕ್ಕಳು. ಕೆಳಗಿನ ಅಂಕಿಗಳು ಲೆಕ್ಕ ಕಲಿಯಲು ಮಾತ್ರ. ನಿಮ್ಮ ಮನೆಯ ಅಂಕಿಗಳನ್ನು ನೀವೇ ಹಾಕಿಕೊಳ್ಳಿ.

ಗೋವಾದಲ್ಲಿ ಒಂದು ತಿಂಗಳು: ಗಂಡನ ಕೂಲಿ 16,000, ಹೆಂಡತಿಯ ಪಗಾರ 7,000. ಒಟ್ಟು 23,000 ರೂ. ಖರ್ಚು: ಖೋಲಿ ಬಾಡಿಗೆ 5,000, ನೀರು ಮತ್ತು ಲೈಟ್ 1,000, ಊಟ 8,000, ಶಾಲೆ 1,500, ಔಷಧ ಮತ್ತು ಫೋನ್ 1,500, ಊರಿಗೆ ಹೋಗಿಬರಲು ಎತ್ತಿಟ್ಟದ್ದು 1,000. ಒಟ್ಟು 18,000. ಉಳಿಕೆ 5,000 ರೂ.

ಊರಿನಲ್ಲಿ ಒಂದು ತಿಂಗಳು: ಗಂಡನ ಕೂಲಿ 9,000, ಹೆಂಡತಿಯ ಹೊಲದ ಕೂಲಿ 3,600. ಒಟ್ಟು 12,600 ರೂ. ಖರ್ಚು: ಊಟ 6,000, ಲೈಟ್ 500, ಶಾಲೆ 500, ಔಷಧ 1,000, ಮದುವೆ, ಜಾತ್ರೆ, ಬೀಗರು ಬಂಧುಗಳಿಗೆ 1,600. ಒಟ್ಟು 9,600. ಉಳಿಕೆ 3,000 ರೂ.

ಇಲ್ಲಿಗೇ ನಿಲ್ಲಬೇಡಿ, ವರ್ಷದ ಲೆಕ್ಕ ಮಾಡಿ. ಗೋವಾದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಡಿಮಳೆ, ಗೌಂಡಿ ಕೆಲಸ ಅರ್ಧಕ್ಕೆ ಇಳಿಯುತ್ತದೆ. ತಿಂಗಳಿಗೆ 8,000ದಂತೆ 4 ತಿಂಗಳಿಗೆ 32,000 ರೂ. ಕಡಿಮೆ. ವರ್ಷದ ಉಳಿಕೆ 60,000 ಹೋಗಿ 28,000 ಆಯಿತು. ಊರಿನಲ್ಲಿ ಬೇಸಿಗೆಯ 3 ತಿಂಗಳು ಹೊಲದ ಕೂಲಿ ಇಲ್ಲವೆಂದರೆ 10,800 ಕಡಿಮೆ. ವರ್ಷದ ಉಳಿಕೆ 36,000 ಹೋಗಿ 25,200 ಆಯಿತು.

ತಿಂಗಳ ದುಡಿಮೆಯಲ್ಲಿ 10,400 ರೂ. ವ್ಯತ್ಯಾಸ ಕಂಡಿತ್ತು. ವರ್ಷದ ಕೊನೆಗೆ ಉಳಿಕೆಯಲ್ಲಿ ವ್ಯತ್ಯಾಸ ಬರೀ 2,800. ಅದಕ್ಕೇ ಪಗಾರ ನೋಡಿ ಮರುಳಾಗಬಾರದು, ಬಾಡಿಗೆ ನೋಡಿ ಹೆದರಲೂಬಾರದು.

3. ಇದು ಯಾರ ಕೈಯ ದುಡ್ಡು?

ಇದು ಈ ಪಾಠದ ಮುಖ್ಯ ಭಾಗ. ಮೇಲಿನ ಲೆಕ್ಕದಲ್ಲಿ ಮನೆಗೆ ಹೆಚ್ಚು ನಷ್ಟವಿಲ್ಲ. ಆದರೆ ಹೆಂಡತಿಯ ಸ್ವಂತ ದುಡಿಮೆ ವರ್ಷಕ್ಕೆ 84,000ದಿಂದ 32,400ಕ್ಕೆ ಇಳಿಯಿತು. ಮಾವನ ಹೊಲದಲ್ಲೇ ದುಡಿದರೆ ಅದೂ ಇಲ್ಲ. ಬೆಳಗಿನಿಂದ ಸಂಜೆವರೆಗೆ ಕಳೆ ತೆಗೆದರೂ "ಮನಿ ಕೆಲಸ" ಅನ್ನುತ್ತಾರೆ, ಕೂಲಿ ಯಾರೂ ಎಣಿಸುವುದಿಲ್ಲ. ತನ್ನ ಪಗಾರದಲ್ಲಿ ಮಗಳ ಫೀ ಕಟ್ಟಿದವಳು ಊರಿಗೆ ಬಂದ ಮೇಲೆ ಗುಳಿಗೆಗೂ ಕೈ ಚಾಚಬೇಕಾಗುತ್ತದೆ.

ಇನ್ನೊಂದು ಕಡೆಯನ್ನೂ ನೋಡೋಣ. ಗೋವಾದ ಖೋಲಿಯಲ್ಲಿ ಹೆರಿಗೆಯಾದರೆ, ಜ್ವರ ಬಂದರೆ ನೋಡುವವರಿಲ್ಲ. ಊರಲ್ಲಿ ಅವ್ವ ಇದ್ದಾಳೆ, ಅತ್ತಿ ಇದ್ದಾಳೆ. ಕೆಲಸಕ್ಕೆ ಹೋದಾಗ ಮಕ್ಕಳನ್ನು ನೋಡಲು ಜನ ಇದ್ದಾರೆ. ಇದಕ್ಕೂ ಬೆಲೆ ಇದೆ.

ಆದ್ದರಿಂದ ಗಂಟು ಕಟ್ಟುವ ಮುಂಚೆ ಮನೆಯಲ್ಲಿ ಬಾಯಿಬಿಟ್ಟು ಮಾತಾಡಿ: ಊರಲ್ಲಿ ನನ್ನ ದುಡಿಮೆ ಏನು? ಆಡು, ಎಮ್ಮೆ, ಹೊಲಿಗೆ, ರೊಟ್ಟಿ ವ್ಯಾಪಾರ, ಯಾವುದು? ಆ ದುಡ್ಡು ಯಾರ ಪಾಸ್‌ಬುಕ್ಕಿಗೆ ಹೋಗುತ್ತದೆ?

4. ಹೊಲ ಇದೆಯೇ? ನೀರು ಇದೆಯೇ?

"ನಮ್ದು ನಾಕು ಎಕರೆ ಐತಿ" ಎನ್ನುವುದು ಸಾಲದು. ಉತಾರ ತೆಗೆಸಿ ನೋಡಿ. ಇನ್ನೂ ಅಜ್ಜನ ಹೆಸರಿನಲ್ಲೇ ಇದ್ದರೆ, ಅಣ್ಣತಮ್ಮಂದಿರ ವಾಟ್ನಿ ಆಗದಿದ್ದರೆ, ನಿಮ್ಮ ಪಾಲು ಎಷ್ಟೆಂದು ಹೇಳಲಾಗದು. ಬ್ಯಾಂಕ್ ಸಾಲವೂ ಕಷ್ಟ. ತವರಿನ ಆಸ್ತಿಯಲ್ಲಿ ಹೆಣ್ಣುಮಗಳಿಗೂ ಗಂಡುಮಗನಷ್ಟೇ ಹಕ್ಕಿದೆ ಎಂದು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಹೇಳುತ್ತದೆ. ಹಿಂದೂ ಕುಟುಂಬಗಳ ಸಹೋದರಿಯರು ಇದನ್ನು ತಿಳಿದಿರಲಿ.

ಗೋವಾದಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ. ವಿಜಯಪುರದ ಕಡೆ 600 ಮಿ.ಮೀ. ಆಸುಪಾಸು, ಅದೂ ನಂಬಿಕೆಯಿಲ್ಲ. 2023ರಲ್ಲಿ ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತ ಎಂದು ಸಾರಲಾಯಿತು. ಆಲಮಟ್ಟಿ, ನಾರಾಯಣಪುರ ಕಾಲುವೆ ನೀರು ತಲುಪಿದ ಹೊಲದ ಮಾತೇ ಬೇರೆ, ಬರೀ ಮಳೆ ನಂಬಿದ ಹೊಲದ ಮಾತೇ ಬೇರೆ. ನಿಮ್ಮದು ಯಾವುದು? ಬೋರ್ ಕೊರೆಸಲು ಸಾಲ ಮಾಡುವ ಯೋಚನೆ ಇದ್ದರೆ, ನೀರು ಬೀಳದಿದ್ದರೆ ಸಾಲ ತೀರಿಸುವುದು ಹೇಗೆ ಎಂದು ಮೊದಲೇ ಬರೆದಿಡಿ.

5. ಮಕ್ಕಳ ಶಾಲೆ

ಗೋವಾದಲ್ಲಿ ಕೊಂಕಣಿ, ಮರಾಠಿ ಅಥವಾ ಇಂಗ್ಲಿಷ್‌ನಲ್ಲಿ ಕಲಿತ ಮಗು ಮನೆಯಲ್ಲಿ ಕನ್ನಡ ಆಡುತ್ತದೆ, ಆದರೆ ಓದಲು ಬರೆಯಲು ಬರುವುದಿಲ್ಲ. ಮರಳುವ ಯೋಚನೆ ಇದ್ದರೆ ಒಂದು ವರ್ಷ ಮುಂಚೆಯೇ ಕನ್ನಡ ಅಕ್ಷರ ಕಲಿಸಿ. ನಡುವರ್ಷದಲ್ಲಿ ಮಕ್ಕಳನ್ನು ಎಬ್ಬಿಸಬೇಡಿ. 9 ಅಥವಾ 10ನೇ ತರಗತಿಯಲ್ಲಿದ್ದರೆ 10 ಮುಗಿಯಲಿ. ಟಿ.ಸಿ. ಬರಲು ತಡವಾಯಿತೆಂದು 8ನೇ ತರಗತಿವರೆಗೆ ಸರ್ಕಾರಿ ಶಾಲೆಯವರು ಪ್ರವೇಶ ನಿರಾಕರಿಸುವಂತಿಲ್ಲ. ಇದು 2009ರ ಶಿಕ್ಷಣ ಹಕ್ಕು ಕಾಯ್ದೆ.

ಲಂಬಾಣಿ ಸಹೋದರಿಯರು ಒಂದು ವಿಷಯ ಗಮನಿಸಿ. ನಿಮ್ಮ ಸಮುದಾಯ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದೆ, ಗೋವಾದ ಪಟ್ಟಿಯಲ್ಲಿ ಇಲ್ಲ. ಮಕ್ಕಳ ಹಾಸ್ಟೆಲ್, ವಿದ್ಯಾರ್ಥಿವೇತನಕ್ಕೆ ಇದು ದೊಡ್ಡ ವ್ಯತ್ಯಾಸ. ಕೊಪ್ಪಳ, ರಾಯಚೂರು, ಯಾದಗಿರಿ ಮೊದಲಾದ ಕಲ್ಯಾಣ ಕರ್ನಾಟಕ ಜಿಲ್ಲೆಗಳ ಮೂಲದವರಿಗೆ 371(ಜೆ) ಮೀಸಲಾತಿ ಇದೆ. ವಿಜಯಪುರ, ಬಾಗಲಕೋಟೆ, ಗದಗ ಅದರಲ್ಲಿ ಸೇರಿಲ್ಲ.

6. ಚೀಟಿ ಮತ್ತು ಸೌಲಭ್ಯ

- ಪಡಿತರ: ಗೋವಾ, ಕರ್ನಾಟಕ ಎರಡೂ 2020ರ ಜನವರಿಯಿಂದ 'ಒಂದು ದೇಶ ಒಂದು ಪಡಿತರ ಚೀಟಿ' ವ್ಯವಸ್ಥೆಯಲ್ಲಿವೆ. ಆಹಾರ ಭದ್ರತೆಯ ಚೀಟಿ ಇದ್ದರೆ ಕೇಂದ್ರದ ಪಾಲಿನ ಧಾನ್ಯವನ್ನು ಎಲ್ಲಿಯಾದರೂ ಪಡೆಯಬಹುದು. ರಾಜ್ಯ ಕೊಡುವ ಹೆಚ್ಚಿನ ಪಾಲು ಸಿಗದು.
- ಗೋವಾದ ಗೃಹ ಆಧಾರ್, ದಯಾನಂದ ಸಾಮಾಜಿಕ ಭದ್ರತಾ ಯೋಜನೆಗಳಿಗೆ 15 ವರ್ಷ ಅಲ್ಲಿ ವಾಸವಿರಬೇಕು. 13–14 ವರ್ಷ ಆದವರು ಬಿಡುವ ಮುಂಚೆ ಯೋಚಿಸಿ. ಈಗಾಗಲೇ ಪಡೆಯುತ್ತಿರುವವರು ಊರಿಗೆ ಬಂದರೆ ಅದನ್ನು ಕಳೆದುಕೊಳ್ಳುವಿರಿ.
- ಕರ್ನಾಟಕದಲ್ಲಿ 2023ರಲ್ಲಿ ಆರಂಭವಾದ ಗೃಹಲಕ್ಷ್ಮಿಗೆ ಇಲ್ಲಿಯ ಪಡಿತರ ಚೀಟಿಯಲ್ಲಿ ನೀವು ಯಜಮಾನಿ ಎಂದಿರಬೇಕು. ಅತ್ತೆಯ ಚೀಟಿಯಲ್ಲೇ ನಿಮ್ಮ ಹೆಸರಿದ್ದರೆ ಹಣ ಅತ್ತೆಗೆ. ಹೊಸ ಚೀಟಿಗೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು.
- ಕಟ್ಟಡ ಕಾರ್ಮಿಕರ ಮಂಡಳಿ ಒಂದೊಂದು ರಾಜ್ಯಕ್ಕೆ ಬೇರೆ. ಊರಲ್ಲಿ ಹೊಸದಾಗಿ ನೋಂದಾಯಿಸಬೇಕು, 90 ದಿನ ಕೆಲಸ ಮಾಡಿದ ದಾಖಲೆ ಬೇಕು.
- ಮನೆಯಲ್ಲಿ ಡಯಾಲಿಸಿಸ್, ಕ್ಯಾನ್ಸರ್ ಚಿಕಿತ್ಸೆಯವರಿದ್ದರೆ ಹತ್ತಿರದ ಆಸ್ಪತ್ರೆ ಎಷ್ಟು ದೂರ, ಯಾವ ಚೀಟಿ ಬೇಕು ಎಂದು ಮೊದಲು ವಿಚಾರಿಸಿ.

7. ಸಂಘದ ಲೆಕ್ಕ ಮುಗಿಸಿ ಹೊರಡಿ

ಒಳಸಾಲ ಬಾಕಿ ಇಟ್ಟು ರಾತ್ರೋರಾತ್ರಿ ಹೋದರೆ ಉಳಿದವರ ಮೇಲೆ ಭಾರ ಬೀಳುತ್ತದೆ, ಬ್ಯಾಂಕಿನಲ್ಲಿ ಸಂಘದ ಹೆಸರು ಕೆಡುತ್ತದೆ. ಸಭೆಯಲ್ಲಿ ಹೇಳಿ, ಉಳಿತಾಯ ಮತ್ತು ಸಾಲ ಎರಡನ್ನೂ ಲೆಕ್ಕಹಾಕಿ, ಠರಾವು ಬರೆಸಿ, ಪಾಸ್‌ಬುಕ್ಕಿನ ನಕಲು ತೆಗೆದುಕೊಳ್ಳಿ. ಊರಿನ ಸಂಘದಲ್ಲಿ ಸೇರುವಾಗ ಆ ಕಾಗದ ನಿಮ್ಮ ಪರ ಮಾತಾಡುತ್ತದೆ.

8. ಸೇತುವೆ ಮುರಿಯದೆ ಹೋಗಿ

ಎಲ್ಲವನ್ನೂ ಒಮ್ಮೆಲೇ ಮಾರಿ ಹೊರಡಬೇಡಿ. ಆದರೆ ಮೊದಲು ಒಂದು ಬೇಸಿಗೆ ರಜೆ ಪೂರ್ತಿ ಊರಲ್ಲಿದ್ದು ನೋಡಿ. ಜಾತ್ರೆಗೆ ಬಂದವರಿಗೆ ಎಲ್ಲರೂ ಒಳ್ಳೆಯವರೇ, ಕಷ್ಟ ಕಾಣುವುದು ಏಪ್ರಿಲ್ ಬಿಸಿಲಿನಲ್ಲಿ, ಕೊಡ ಹಿಡಿದು ನಿಂತಾಗ. ಆರು ತಿಂಗಳ ಊಟದ ಖರ್ಚು ಕೈಯಲ್ಲಿರಲಿ, ಅದರಲ್ಲಿ ಒಂದು ಪಾಲು ನಿಮ್ಮ ಸ್ವಂತ ಖಾತೆಯಲ್ಲಿರಲಿ. ಗೋವಾದ ಕೆಲಸದ ಮನೆಯವರ ಹತ್ತಿರ ಒಳ್ಳೆಯ ಮಾತಿನಲ್ಲೇ ಬಿಡಿ.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಮನೆಯಲ್ಲಿ ಊರು ಬದಲಿಸುವ ತೀರ್ಮಾನ ಯಾರು ಮಾಡಿದರು? ನಮ್ಮನ್ನು ಕೇಳಿದರೇ?
2. ಊರಿಗೆ ಮರಳಿದವಳು ಯಾವ ದುಡಿಮೆ ಹಿಡಿದರೆ ಅವಳ ಕೈಯಲ್ಲಿ ದುಡ್ಡು ಉಳಿಯುತ್ತದೆ?
3. ಮರಳಿ ಬರುವ ಸಹೋದರಿಗೆ ನಮ್ಮ ಸಂಘ ಏನು ಸಹಾಯ ಮಾಡಬಹುದು?

ಮುಂದಿನ ಸಭೆಗೆ: ಪ್ರತಿಯೊಬ್ಬರೂ ಒಂದು ಹಾಳೆಯಲ್ಲಿ ಎರಡು ಊರಿನ ವರ್ಷದ ಲೆಕ್ಕ ಬರೆದು ತನ್ನಿ. ಬರೆಯಲು ಬಾರದವರು ಮಗಳ ಕೈಯಲ್ಲಿ ಬರೆಸಿ. ಆ ಲೆಕ್ಕದಲ್ಲಿ ನಿಮ್ಮ ದುಡಿಮೆಗೆ ಬೇರೆ ಸಾಲು ಇರಲಿ.