ಕಥೆ ಬರೆಯಬೇಡಿ, ಕೆಲಸ ಕೊಡಿ: ಗೇಮ್ ಮಾಸ್ಟರ್‌ಗಳಿಗೆ ಹನ್ನೊಂದು ಸೂತ್ರಗಳು

ತಾಳಮದ್ದಳೆ ಕೇಳಿದವರಿಗೆ ರೋಲ್‌ಪ್ಲೇಯಿಂಗ್ ಆಟ ಏನೆಂದು ಹೇಳುವುದು ಸುಲಭ. ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿ ಕೂತಲ್ಲೇ ಕರ್ಣನಾಗುತ್ತಾನೆ, ಎದುರಿನವರ ಮಾತಿಗೆ ಆ ಕ್ಷಣಕ್ಕೆ ಹೊಳೆದ ಉತ್ತರ ಕೊಡುತ್ತಾನೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲೂ ಮೇಜಿನ ಸುತ್ತ ನಡೆಯುವುದು ಬಹುಮಟ್ಟಿಗೆ ಇದೇ. ವ್ಯತ್ಯಾಸವಿರುವುದು ಕೊನೆಯಲ್ಲಿ. ಪ್ರಸಂಗದಲ್ಲಿ ವಾಲಿ ಎಷ್ಟೇ ಚೆನ್ನಾಗಿ ವಾದಿಸಿದರೂ ಸಾಯಲೇಬೇಕು. ಈ ಆಟದಲ್ಲಿ ಅವನು ಬದುಕಬಹುದು, ರಾಮನ ಜೊತೆ ಸಂಧಾನಕ್ಕೆ ಕೂರಬಹುದು. ಅದನ್ನು ನಿರ್ಧರಿಸುವುದು ಆಟಗಾರರು ಮತ್ತು ದಾಳ.

ಹೊಸದಾಗಿ ಕ್ಯಾಂಪೇನ್ ನಡೆಸುವ ಗೇಮ್ ಮಾಸ್ಟರ್‌ಗಳು ಮರೆಯುವುದು ಇದನ್ನೇ. ರಾತ್ರಿಯೆಲ್ಲ ಕೂತು ಕಾದಂಬರಿಯಂತೆ ಕಥೆ ಬರೆದುಕೊಂಡು ಬರುತ್ತಾರೆ. ಆಟಗಾರರು ಎರಡನೇ ಪುಟಕ್ಕೇ ಬೇರೆ ದಾರಿ ಹಿಡಿಯುತ್ತಾರೆ. ಯಾರಿಗೋ ತುರ್ತಾಗಿ ಆಗಬೇಕಾದ ಒಂದು ಕೆಲಸ, ಅದರ ಹಿಂದೆ ಒಂದು ಗುಟ್ಟು, ಯಾರೂ ಮಾಡದಿದ್ದರೆ ಒಂದು ಪರಿಣಾಮ: ಮಿಷನ್‌ಗೆ ಇಷ್ಟು ಸಾಕು. ಉಳಿದ ಕಥೆ ಮೇಜಿನ ಮೇಲೆ ತಾನಾಗಿ ಹುಟ್ಟುತ್ತದೆ.

1. ಕೆಲಸಕ್ಕಿಂತ ಮೊದಲು ಕೆಲಸ ಕೊಡುವವರನ್ನು ರೂಪಿಸಿ.

ಮಾರ್ಕ್ ಮಿಲ್ಲರ್ 1977ರಲ್ಲಿ ರೂಪಿಸಿದ ಟ್ರಾವೆಲರ್ ಎಂಬ ಬಾಹ್ಯಾಕಾಶದ ಆಟಕ್ಕೆ 1980ರಲ್ಲಿ '76 ಪೇಟ್ರನ್ಸ್' ಎಂಬ ಚಿಕ್ಕ ಪುಸ್ತಕ ಬಂತು. ಪುಸ್ತಕದ ತುಂಬ ಕೆಲಸ ಕೊಡುವವರೇ. ಆಟಗಾರರಿಗೆ ಹೇಳಬೇಕಾದ ಮಾತು ಒಂದಿರುತ್ತದೆ. ಅದರ ಕೆಳಗೆ, ಆಟ ನಡೆಸುವವರ ಕಣ್ಣಿಗೆ ಮಾತ್ರ, ಅದೇ ಕೆಲಸದ ಹಿಂದೆ ಇರಬಹುದಾದ ಬೇರೆ ಬೇರೆ ನಿಜಗಳ ಪಟ್ಟಿ. ದಾಳ ಉರುಳಿಸಿ ಒಂದನ್ನು ಆರಿಸಿಕೊಂಡರಾಯಿತು. ಮಿಷನ್ ಹುಟ್ಟಿಸಲು ಇದಕ್ಕಿಂತ ಒಳ್ಳೆಯ ವಿಧಾನ ನನಗೆ ಇನ್ನೂ ಕಂಡಿಲ್ಲ.

ನಮ್ಮ ಚರಿತ್ರೆಯ ಒಂದು ಸಂಗತಿಯನ್ನು ಈ ಅಚ್ಚಿಗೆ ಹಾಕಿ ನೋಡೋಣ. ಹದಿನಾರನೇ ಶತಮಾನದಲ್ಲಿ ವಿಜಯನಗರದ ವೃತ್ತಾಂತ ಬರೆದ ಪೋರ್ಚುಗೀಸ್ ವ್ಯಾಪಾರಿ ಫೆರ್ನಾವ್ ನೂನಿಜ್ ಹೇಳುವಂತೆ, ಸಾಳುವ ನರಸಿಂಹ ಹೊರ್ಮುಜ್ ಮತ್ತು ಏಡನ್‌ನಿಂದ ತರಿಸುತ್ತಿದ್ದ ಕುದುರೆಗಳಲ್ಲಿ ದಾರಿಯಲ್ಲಿ ಸತ್ತವಕ್ಕೂ ಬೆಲೆ ಕೊಡುತ್ತಿದ್ದ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೆ ಸಾಕಿತ್ತು. ಮಿಷನ್ ಎದುರಿಗೇ ಇದೆ. ಭಟ್ಕಳದ ಬಂದರಿನಲ್ಲಿ ಖಜಾನೆಯ ಕರಣಿಕ ನಿಮ್ಮ ತಂಡವನ್ನು ಕರೆಸುತ್ತಾನೆ. ಗೋಣಿಚೀಲ ಬಿಚ್ಚಿ ನೆಲಕ್ಕೆ ಸುರಿಯುತ್ತಾನೆ: ಬರೀ ಬಾಲಗಳು. ಒಬ್ಬನೇ ವ್ಯಾಪಾರಿ, ಒಂದೇ ಹಡಗು, ಇಷ್ಟೊಂದು ಸಾವು. "ಯಾರಿಗೂ ಸುಳಿವು ಸಿಗದ ಹಾಗೆ ವಿಚಾರಿಸಿಕೊಂಡು ಬನ್ನಿ" ಎನ್ನುತ್ತಾನೆ. ಈಗ ದಾಳ ಹಾಕಿ. ಒಂದು ಅಥವಾ ಎರಡು ಬಿದ್ದರೆ ಕುದುರೆಗಳು ಬದುಕಿವೆ, ಬಾಲ ಕತ್ತರಿಸಿ ಘಟ್ಟದ ಕಾಡಿನಲ್ಲಿ ಬಚ್ಚಿಟ್ಟಿದ್ದಾರೆ. ಮೂರಾದರೆ ಅವು ಬಹಮನಿಗಳ ಲಾಯ ಸೇರಿವೆ. ನಾಲ್ಕು ಅಥವಾ ಐದಾದರೆ ಕುದುರೆಗಳು ನಿಜವಾಗಿಯೂ ರೋಗದಿಂದ ಸತ್ತಿವೆ, ಆ ರೋಗ ಈಗ ಬಂದರಿನಲ್ಲಿ ಇಳಿದಿದೆ. ಆರು ಬಿದ್ದರೆ ಕರಣಿಕನೇ ಪಾಲುದಾರ. ಅವನಿಗೆ ಬೇಕಾಗಿರುವುದು ತನಿಖೆಯಲ್ಲ, ತಲೆದಂಡ ಕೊಡಲು ಒಬ್ಬ ಮೂರನೆಯವನು. ಒಂದೇ ಮಿಷನನ್ನು ಬೇರೆ ಬೇರೆ ತಂಡಗಳಿಗೆ ಆಡಿಸಿದರೂ ಅದು ಹಳಸುವುದಿಲ್ಲ.

2. ಮೊದಲ ಮಿಷನ್ ಸಣ್ಣದಿರಲಿ, ಬಾಗಿಲುಗಳು ಹೆಚ್ಚಿರಲಿ.

ಲೋಕವನ್ನು ಕಾಪಾಡುವ ಕೆಲಸವನ್ನು ಮೊದಲ ದಿನವೇ ಕೊಡಬೇಡಿ. 2014ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿಯ ಸ್ಟಾರ್ಟರ್ ಸೆಟ್ ಜೊತೆ ಬಂದ 'ಲಾಸ್ಟ್ ಮೈನ್ ಆಫ್ ಫ್ಯಾಂಡೆಲ್ವರ್' ಶುರುವಾಗುವುದು ಒಂದು ಸರಕಿನ ಬಂಡಿಯಿಂದ. ಗುಂಡ್ರೆನ್ ಎಂಬ ಕುಳ್ಳ ಫ್ಯಾಂಡಲಿನ್ ಊರಿನ ಅಂಗಡಿಗೆ ಸಾಮಾನು ತಲುಪಿಸಲು ಹೇಳುತ್ತಾನೆ, ತಲೆಗೆ ಹತ್ತು ಚಿನ್ನದ ನಾಣ್ಯ ಕೂಲಿ. ದಾರಿಯಲ್ಲಿ ಎರಡು ಕುದುರೆ ಬಾಣ ನೆಟ್ಟು ಸತ್ತು ಬಿದ್ದಿವೆ. ಹತ್ತಿರ ಹೋದರೆ ಗೊತ್ತಾಗುತ್ತದೆ, ಅವು ಮುಂದೆ ಹೋಗಿದ್ದ ಗುಂಡ್ರೆನ್ ಮತ್ತು ಅವನ ಜೊತೆಗಾರ ಸಿಲ್ಡರ್‌ನವು. ಪೊದೆಯೊಳಗೆ ಗಾಬ್ಲಿನ್‌ಗಳು ಕಾದು ಕೂತಿವೆ.

(ಇನ್ನೂ ಆಡದವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ.) ಬಿಡಿಸಿ ತಂದ ಸಿಲ್ಡರ್, ಕಾಣೆಯಾದ ತನ್ನ ಮಿತ್ರ ಇಯಾರ್ನೊನನ್ನು ಹುಡುಕಿಕೊಡಿ ಎಂದು ಕೇಳಿಕೊಳ್ಳುತ್ತಾನೆ. ಊರನ್ನು ಹೆದರಿಸಿ ಕೂತಿರುವ ಪುಂಡರ ಗುಂಪಿನ ನಾಯಕ ಅದೇ ಇಯಾರ್ನೊ. ಕಾಪಾಡಬೇಕಾದವನೇ ಹಿಡಿಯಬೇಕಾದವನು. ಎರಡು ಬಿಡಿ ಮಿಷನ್‌ಗಳು ಹೀಗೆ ಒಬ್ಬ ವ್ಯಕ್ತಿಯಲ್ಲಿ ಕೂಡಿಕೊಂಡಾಗ ಮೇಜಿನ ಸುತ್ತ ಕೂತವರ ಬೆನ್ನು ನೆಟ್ಟಗಾಗುತ್ತದೆ. ನಿಮ್ಮ ಮೊದಲ ಮಿಷನ್‌ನಲ್ಲಿ ಬರುವ ಒಂದು ಹೆಸರು ಮೂರನೇ ಮಿಷನ್‌ನಲ್ಲಿ ಬೇರೆ ಮುಖ ಹೊತ್ತು ಬರಲಿ.

3. ಮಿಷನ್ ಒಂದೇ ವಾಕ್ಯದಲ್ಲಿ ಮುಗಿಯಲಿ.

"ಅಮಾವಾಸ್ಯೆಯೊಳಗೆ ದೇವಸ್ಥಾನದ ಗಂಟೆಯನ್ನು ನದಿ ದಾಟಿಸಬೇಕು." ಯಾರು, ಏನು, ಯಾವಾಗಿನೊಳಗೆ ಎಂಬುದು ಆಟಗಾರನ ನೆನಪಿನಲ್ಲಿ ಉಳಿಯಬೇಕು. ಮುಂದಿನ ಸೆಷನ್‌ಗೆ ಎರಡು ವಾರವಾಗಬಹುದು. ಅಷ್ಟರಲ್ಲಿ ಆಫೀಸು, ಪರೀಕ್ಷೆ, ಮದುವೆಮನೆ ಎಲ್ಲ ಬಂದು ಹೋಗಿರುತ್ತವೆ.

4. ತನಿಖೆಯ ಮಿಷನನ್ನು ಒಂದೇ ಸುಳಿವಿಗೆ ನೇತುಹಾಕಬೇಡಿ.

ಜಸ್ಟಿನ್ ಅಲೆಕ್ಸಾಂಡರ್ 2008ರಲ್ಲಿ ಬರೆದ 'ಮೂರು ಸುಳಿವುಗಳ ನಿಯಮ' ಇವತ್ತಿಗೂ ಗೇಮ್ ಮಾಸ್ಟರ್‌ಗಳ ಬಾಯಲ್ಲಿದೆ. ಆಟಗಾರರು ಕಂಡುಕೊಳ್ಳಲೇಬೇಕಾದ ಪ್ರತಿ ನಿರ್ಣಯಕ್ಕೂ ಕನಿಷ್ಠ ಮೂರು ಸುಳಿವು ಇಡಿ. ಒಂದನ್ನು ನೋಡುವುದೇ ಇಲ್ಲ, ಎರಡನೆಯದನ್ನು ತಪ್ಪು ತಿಳಿಯುತ್ತಾರೆ, ಮೂರನೆಯದು ದಡ ಮುಟ್ಟಿಸುತ್ತದೆ.

ಒಂದು ವೀರಗಲ್ಲಿನಿಂದ ಮಿಷನ್ ಮಾಡೋಣ. ಸಾಮಾನ್ಯವಾಗಿ ವೀರಗಲ್ಲಿನಲ್ಲಿ ಮೂರು ಪಟ್ಟಿಕೆ: ಕೆಳಗೆ ವೀರ ಕಾದಾಡುತ್ತಿದ್ದಾನೆ, ನಡುವೆ ಅಪ್ಸರೆಯರು ಅವನನ್ನು ಮೇಲಕ್ಕೆ ಒಯ್ಯುತ್ತಿದ್ದಾರೆ, ಮೇಲೆ ಅವನು ಶಿವಲಿಂಗದ ಮುಂದೆ ಕೂತಿದ್ದಾನೆ. ಪಟ್ಟಿಕೆಗಳ ನಡುವೆ ಅಕ್ಷರ. ನಿಮ್ಮ ಊರಿನ ಕಲ್ಲಿನಲ್ಲಿ ಚಿತ್ರಗಳೆಲ್ಲ ಸರಿಯಾಗಿವೆ, ವೀರನ ಹೆಸರಿದ್ದ ಜಾಗವನ್ನು ಮಾತ್ರ ಯಾರೋ ಉಳಿಯಿಂದ ಕೆತ್ತಿ ತೆಗೆದಿದ್ದಾರೆ. ಒಂದು ಮನೆತನ ಆ ಹೆಸರು ತಿಳಿಯಬೇಕೆನ್ನುತ್ತದೆ. ಇನ್ನೊಂದು ಮನೆತನ ತಿಳಿಯಬಾರದೆಂದು ಹಣ ಕೊಡಲು ತಯಾರಿದೆ. ಸುಳಿವು ಒಂದು: ಬೀಸುವ ಕಲ್ಲಿನ ಮುಂದೆ ಅಜ್ಜಿ ಹಾಡುವ ಪದದಲ್ಲಿ ತುರುಗಳನ್ನು ಬಿಡಿಸಲು ಹೋದವನ ಹೆಸರು ಇದೆ, ಅವಳು ಅದನ್ನು ಗುನುಗಿ ನುಂಗುತ್ತಾಳೆ. ಎರಡು: ಗುಡಿಯ ದಾನಶಾಸನದಲ್ಲಿ ಆ ಕಾಳಗದ ಮರುವರ್ಷ ಯಾರಿಗೆ ಭೂಮಿ ಬಂತು ಎಂದಿದೆ. ಮೂರು: ಕಲ್ಲು ಕೆತ್ತುವ ಆಚಾರಿಯ ಮನೆಯಲ್ಲಿ ಹೆಸರು ಅಳಿಸಿದ ಉಳಿಯ ಬಗ್ಗೆ ಒಂದು ಮಾತು ಮಗನಿಂದ ಮಗನಿಗೆ ಬಂದಿದೆ. ಆಟಗಾರರು ನೀವು ಯೋಚಿಸದ ನಾಲ್ಕನೇ ದಾರಿ ಹುಡುಕಿದರೆ, ಅದು ನಂಬುವಂತಿದ್ದರೆ, ಧಾರಾಳವಾಗಿ ಬಿಟ್ಟುಕೊಡಿ.

5. ಗಡಿಯಾರ ಓಡುತ್ತಿರಲಿ, ಎಲ್ಲರಿಗೂ ಕಾಣುವಂತೆ.

ವಿನ್ಸೆಂಟ್ ಬೇಕರ್ ಮತ್ತು ಮೆಗ್ವಿ ಬೇಕರ್ ಅವರ ಅಪಾಕಲಿಪ್ಸ್ ವರ್ಲ್ಡ್ (2010), ಜಾನ್ ಹಾರ್ಪರ್ ಅವರ ಬ್ಲೇಡ್ಸ್ ಇನ್ ದ ಡಾರ್ಕ್ (2017) ಆಟಗಳಿಂದ ಕಲಿಯಬೇಕಾದ ಮುಖ್ಯ ಪಾಠ ಇದು. ಕಾಗದದ ಮೇಲೆ ವೃತ್ತ ಬರೆದು ಆರು ಭಾಗ ಮಾಡಿ. ತಂಡ ಹೊತ್ತು ಕಳೆದಾಗ, ದಾಳ ಕೈಕೊಟ್ಟಾಗ ಒಂದೊಂದು ಭಾಗ ತುಂಬಿ.

ಮಿಷನ್: ಮಳೆ ನಿಂತಿಲ್ಲ, ಕೆರೆ ತುಂಬಿದೆ, ಕೋಡಿಗೆ ಯಾರೋ ಕಲ್ಲು ತುಂಬಿ ಮುಚ್ಚಿದ್ದಾರೆ. ಮೊದಲ ಭಾಗದಲ್ಲಿ ಏರಿಯ ಬುಡದಲ್ಲಿ ತಿಳಿನೀರು ಜಿನುಗುತ್ತದೆ. ಮೂರನೆಯದಕ್ಕೆ ಆ ನೀರು ಕೆಂಪಾಗುತ್ತದೆ. ಕೆರೆಯ ಬಗ್ಗೆ ತಿಳಿದವರು ಬೆಚ್ಚುವುದು ಆಗಲೇ, ಯಾಕೆಂದರೆ ಏರಿಯ ಒಳಗಿನ ಮಣ್ಣೇ ಕೊಚ್ಚಿ ಬರುತ್ತಿದೆ. ಆರಕ್ಕೆ ಏರಿ ಒಡೆಯುತ್ತದೆ. ತೂಬು ಪೂರ್ತಿ ಎತ್ತಿದರೆ ಏರಿ ಉಳಿದೀತು, ಕೆಳಗಿನ ಊರಿನ ನಾಟಿ ಮಾಡಿದ ಗದ್ದೆಗಳು ಉಳಿಯುವುದಿಲ್ಲ. ಎರಡೂ ಊರಿನವರು ದಂಡೆಯ ಮೇಲೆ ದೊಣ್ಣೆ ಹಿಡಿದು ನಿಂತಿದ್ದಾರೆ. ಈ ಮಿಷನ್‌ನಲ್ಲಿ ರಾಕ್ಷಸ ಬೇಕಾಗಿಲ್ಲ.

6. ಎದುರಾಳಿಗೂ ಒಂದು ಆಸೆ ಇರಲಿ.

ಫ್ಯಾಂಡೆಲ್ವರ್‌ನ ಮೊದಲ ಗುಹೆಯಲ್ಲೇ ಇದಕ್ಕೆ ಮಾದರಿ ಇದೆ. ಸಿಲ್ಡರ್‌ನನ್ನು ಒತ್ತೆಯಾಗಿ ಹಿಡಿದ ಯೀಮಿಕ್ ಎಂಬ ಗಾಬ್ಲಿನ್ ಕಾದಾಡುವ ಬದಲು ವ್ಯವಹಾರಕ್ಕಿಳಿಯುತ್ತದೆ: ನಮ್ಮ ನಾಯಕ ಕ್ಲಾರ್ಗ್‌ನ ತಲೆ ತನ್ನಿ, ಇವನನ್ನು ಬಿಡುತ್ತೇನೆ. ಅದಕ್ಕೆ ನಾಯಕನಾಗುವ ಆಸೆ. ಆ ಒಂದು ಮಾತಿನಿಂದ ಕತ್ತಿಯ ಕೆಲಸ ನಿಂತು ಯೋಚನೆಯ ಕೆಲಸ ಶುರುವಾಗುತ್ತದೆ.

7. ಕಳವಿನ ಮಿಷನ್‌ನಲ್ಲಿ ಯೋಜನೆಗೇ ಸಂಜೆ ಕಳೆಯಬೇಡಿ.

ಅರಮನೆಯಿಂದ ಮುದ್ರೆಯುಂಗುರ ಕದಿಯಬೇಕು ಎಂದರೆ ಸಾಕು, ಆಟಗಾರರು ಮೂರು ಗಂಟೆ ನಕ್ಷೆ ನೋಡುತ್ತಾ ಕೂರುತ್ತಾರೆ. ಬ್ಲೇಡ್ಸ್ ಇನ್ ದ ಡಾರ್ಕ್‌ನಲ್ಲಿ ದಾರಿಯೊಂದನ್ನು ಆರಿಸಿ ನೇರ ಗೋಡೆ ಹತ್ತುವುದೇ ಕ್ರಮ. ನಡುವೆ ಕಾವಲುಗಾರ ಎದುರಾದರೆ ಆಟಗಾರ ಫ್ಲ್ಯಾಶ್‌ಬ್ಯಾಕ್ ಕೇಳಬಹುದು: "ನಿನ್ನೆಯೇ ಇವನ ಕೈಬಿಸಿ ಮಾಡಿದ್ದೆ." ಅದಕ್ಕೆ ತಕ್ಕ ಬೆಲೆಯನ್ನು ಪಾತ್ರ ತೆರಬೇಕು. ಬೇರೆ ಯಾವ ಆಟಕ್ಕೂ ಈ ನಿಯಮ ಹೊಂದುತ್ತದೆ.

8. ಸಮಯ ಇಲ್ಲದಿದ್ದರೆ ಐದು ಕೋಣೆ.

ಜಾನ್ ಫೋರ್ ಹರಡಿದ 'ಫೈವ್ ರೂಮ್ ಡಂಜನ್' ಒಂದು ಸಂಜೆಯ ಆಟಕ್ಕೆ ಹೇಳಿ ಮಾಡಿಸಿದ್ದು: ಕಾವಲಿರುವ ಬಾಗಿಲು, ಒಗಟು ಅಥವಾ ಮಾತುಕತೆ, ಒಂದು ಹಿನ್ನಡೆ, ದೊಡ್ಡ ಹಣಾಹಣಿ, ಕೊನೆಗೆ ಫಲ ಅಥವಾ ತಿರುವು. ಇವು ಕೋಣೆಗಳೇ ಆಗಬೇಕಿಲ್ಲ. ಸಂತೆಯ ಐದು ಅಂಗಡಿಗಳಾದರೂ ಸರಿ.

9. ಕ್ಯಾರೆಕ್ಟರ್ ಶೀಟನ್ನು ಓದಿ.

ಆಟಗಾರ್ತಿಯೊಬ್ಬಳು "ನನ್ನ ಅಣ್ಣ ದಂಡಿಗೆ ಹೋದವನು ಬರಲಿಲ್ಲ" ಎಂದು ಬರೆದಿದ್ದರೆ ಆಕೆ ನಿಮ್ಮ ಕೈಗೆ ಮಿಷನ್ ಕೊಟ್ಟಿದ್ದಾಳೆ. ಸರಕಿನ ಬಂಡಿಯಲ್ಲಿ ಆ ಅಣ್ಣನ ಕಡಗ ಸಿಗಲಿ. ನೀವು ಕಟ್ಟಿದ ರಾಜ್ಯದ ಹತ್ತು ತಲೆಮಾರಿನ ವಂಶಾವಳಿಗಿಂತ ಆ ಕಡಗದ ತೂಕ ಹೆಚ್ಚು. ಒಂದು ಸೆಷನ್‌ಗೆ ಒಬ್ಬರ ಎಳೆ ಸಾಕು, ಆದರೆ ಸರದಿ ತಪ್ಪದಿರಲಿ. ಮೂಲೆಯಲ್ಲಿ ಸುಮ್ಮನೆ ಕೂರುವ ಆಟಗಾರರ ಶೀಟನ್ನು ಎಲ್ಲರಿಗಿಂತ ಮೊದಲು ಓದಿ.

10. ಸೋತರೂ ಮುಂದಿನ ವಾರ ಆಡಲು ಏನಾದರೂ ಉಳಿಯಲಿ.

ಏರಿ ಒಡೆದರೆ ಕ್ಯಾಂಪೇನ್ ಮುಗಿಯಬಾರದು. ನಿರಾಶ್ರಿತರು ಬೆಟ್ಟದ ಹಳೆ ಕೋಟೆ ಸೇರುತ್ತಾರೆ, ಅಲ್ಲಿ ಅನ್ನಕ್ಕೆ ಜಗಳ ಶುರು, ಕೋಡಿ ಮುಚ್ಚಿದವನೂ ಆ ಗುಂಪಿನಲ್ಲಿದ್ದಾನೆ. ಮಿಷನ್ ಬರೆಯುವಾಗಲೇ "ಆಗದಿದ್ದರೆ?" ಎಂದು ಕೇಳಿಕೊಂಡು ಎರಡು ಸಾಲು ಬರೆದಿಡಿ. ಸೋಲಿಗೆ ಮುಂದಿನ ಹಾದಿ ಇದೆ ಎಂದು ಗೊತ್ತಿದ್ದರೆ ನೀವೂ ದಾಳ ಬಿದ್ದದ್ದನ್ನು ಮರೆಮಾಚದೆ ಒಪ್ಪಿಕೊಳ್ಳುತ್ತೀರಿ.

11. ಯಾವುದು ಬೇಡ ಎಂಬುದನ್ನು ಮೊದಲೇ ಮಾತಾಡಿ.

ಇದನ್ನು ಕೊನೆಗಿಟ್ಟಿದ್ದರೂ ಮೊದಲು ಮಾಡಬೇಕಾದದ್ದು ಇದನ್ನೇ. ನಮ್ಮ ನೆಲದ ಕಥೆಗಳನ್ನು ತಂದಾಗ ಜಾತಿ ಬರುತ್ತದೆ, ಮಹಾಸತಿ ಕಲ್ಲು ಬರುತ್ತದೆ, ಬರ ಮತ್ತು ಸಾಲ ಬರುತ್ತವೆ. ಇವು ಒಬ್ಬರಿಗೆ ಕಥೆ, ಪಕ್ಕದಲ್ಲಿ ಕೂತವರಿಗೆ ಮನೆಯ ನೆನಪು. ಮೊದಲ ದಿನ ದಾಳ ತೆಗೆಯುವ ಮುನ್ನ ಎಲ್ಲರನ್ನೂ ಕೇಳಿ. ಜಾನ್ ಸ್ಟಾವ್ರೊಪೌಲೋಸ್ ಬಳಕೆಗೆ ತಂದ ಎಕ್ಸ್ ಕಾರ್ಡ್ ಮೇಜಿನ ನಡುವೆ ಇರಲಿ. ಯಾರಾದರೂ ಅದನ್ನು ಮುಟ್ಟಿದರೆ ಆ ದೃಶ್ಯವನ್ನು ಬದಲಿಸಿ. ಕಾರಣ ಕೇಳುವಂತಿಲ್ಲ.

ಇಷ್ಟಕ್ಕೆ ಬೇಕಾದ ಸಾಮಾನು ಬಹಳ ಕಡಿಮೆ: ನಾಲ್ಕೈದು ಜನ, ಕಾಗದ, ಪೆನ್ಸಿಲ್, ಒಂದು ಜೊತೆ ದಾಳ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿಯ ಮೂಲ ನಿಯಮಗಳ ಕೈಪಿಡಿ, ಎಸ್‌ಆರ್‌ಡಿ 5.1, 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದೆ. ಮೂಲವನ್ನು ಹೆಸರಿಸಿ ಯಾರು ಬೇಕಾದರೂ ಅದನ್ನು ಬಳಸಬಹುದು, ಅದರ ಮೇಲೆ ಮಿಷನ್ ಬರೆದು ಅಚ್ಚು ಹಾಕಿಸಿ ಮಾರಲೂಬಹುದು. ಕನ್ನಡದಲ್ಲಿ ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ. ಮೇಲಿನ ಕುದುರೆ ಬಾಲ, ವೀರಗಲ್ಲು, ಕೆರೆ ಏರಿ ಮೂರನ್ನೂ ನಿಮಗೇ ಬಿಟ್ಟಿದ್ದೇನೆ. ನಿಮ್ಮ ಊರಿನ ಹೆಸರು ಹಾಕಿಕೊಂಡು ಈ ಭಾನುವಾರವೇ ಆಡಿಸಿ.